ಹೊರಗಿನಿಂದ ಲಿಂಕನ್‌ಶೈರ್

ನಲವತ್ತೊಂದು ವರ್ಷ ಅಪ್ಪ ಈ ಊರುಗಳಿಗೆಲ್ಲ ಬಂದಿದ್ದಾನೆ.
ಒಂದನ್ನೂ ನೋಡಿಲ್ಲ.
ನಸುಕಿನ ವ್ಯಾನು, ಇಗರ್ಜಿಯ ಪಕ್ಕದ ಬಾಗಿಲು, ಆರಿದ ಮೇಣದ ವಾಸನೆ,
ಆಮೇಲೆ ದಿನವಿಡೀ ಆರ್ಗನ್ನಿನ ಹೊಟ್ಟೆಯೊಳಗೆ ಮಂಡಿಯೂರಿ
ತವರದ ಕೊಳವೆಗಳ ಕಿವಿ ಹಿಂಡಿ
ಶ್ರುತಿಗೆ ತರುತ್ತಿದ್ದ.
ಹೊರಗೆ ಕೀಲಿಮಣೆಯ ಮುಂದೆ ನಾನು, ಒಂಬತ್ತು ವರ್ಷದವಳು,
ಶನಿವಾರದ ಕೂಲಿ ಒಂದು ಚಾಕಲೇಟು.
"ಮುಂದಿನದು, ಹೆಸ್ಟರ್" ಎಂದು ಕತ್ತಲು ಕೂಗುತ್ತಿತ್ತು.
ಒತ್ತುತ್ತಿದ್ದೆ.
ಹೊರಟಾಗ ಊರಿನ ಮೇಲೆ ಮತ್ತೆ ಕತ್ತಲು.

ಅವನ ನೋಟುಬುಕ್ಕಿನಲ್ಲಿ ಊರುಗಳ ಚರಿತ್ರೆ ಇಷ್ಟೇ:
ಸ್ಟ್ಯಾಮ್‌ಫರ್ಡ್. ಎಂಟು ಡಿಗ್ರಿ. ತಿದಿಯಲ್ಲಿ ತೂತು.
ಗ್ರ್ಯಾಂಥಮ್. ಹನ್ನೊಂದು. ದೊಡ್ಡ ಕೊಳವೆಯಲ್ಲಿ ಸತ್ತ ಬಾವಲಿ.
ಲೌತ್. ಆರು. ಪಾದ್ರಿ ಚಹಾ ಕೊಡಲಿಲ್ಲ.

ಈಗ ಎಂಬತ್ತು. ಸಣ್ಣ ಕೊಳವೆಗಳು ಕೇಳಿಸುವುದಿಲ್ಲ,
ಹಕ್ಕಿಗಳಿಲ್ಲ, ಮೈಕ್ರೋವೇವಿನ ಪೀಂಪೀಂ ಕೂಡ ಇಲ್ಲ.
"ಹೊರಗಿನಿಂದ ಒಮ್ಮೆ ನೋಡಿಬಿಡೋಣ" ಎಂದ.
ಕಾರು ತೆಗೆದೆ.

ಸ್ಟ್ಯಾಮ್‌ಫರ್ಡಿನ ಗೋಡೆಗಳ ಮುಂದೆ ನಿಂತವನು ಕದಲಲೊಲ್ಲ.
"ಈ ಬಣ್ಣವೇನು? ಯಾರೂ ಹೇಳಲೇ ಇಲ್ಲವಲ್ಲ!"
ಬೆಣ್ಣೆ ಕಾಯಿಸುವಾಗ ಒಂದು ಗಳಿಗೆ ಬರುತ್ತದಲ್ಲ, ಆ ಬಣ್ಣದ ಕಲ್ಲು.
ಉಗುರಿನಿಂದ ಗೀಚಿ ನೋಡಿದ, ಕೊಂಡುಕೊಳ್ಳುವವನ ಹಾಗೆ.
ಬಸ್ಸಿನಿಂದಿಳಿದ ಹೆಂಗಸೊಬ್ಬಳು ದಾರಿ ಕೇಳಿದಳು:
"ನೀವು ಈ ಊರಿನವರೇ?"
ಬಹಳ ಹೊತ್ತು ಯೋಚಿಸಿ "ಒಳಗಿನವನು" ಎಂದ.

ಗ್ರ್ಯಾಂಥಮ್ಮಿನಲ್ಲಿ ಒಂದು ಪಬ್ಬು;
ಅದರ ಹೆಸರು ಹೇಳಲು ಹಲಗೆಯ ಬದಲು
ಮರದ ಮೇಲೊಂದು ನಿಜವಾದ ಜೇನುಪೆಟ್ಟಿಗೆ.
"ಗುಂಯ್‌ಗುಡುತ್ತಿವೆಯೇ?"
ಹೌದೆಂದೆ.
"ಯಾವ ಸ್ವರ?"
ರಸ್ತೆಯಲ್ಲೇ ನಿಂತು ಬಾಯಿ ಮುಚ್ಚಿ ಹಿಡಿದೆ ಆ ಸ್ವರವನ್ನು.
ನನ್ನ ಗಂಟಲಿಗೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದ.
"ಪರವಾಗಿಲ್ಲ" ಎಂದ. ಜೇನಿಗೆ ಹೇಳಿದನೋ, ನನಗೋ.

ಬಾಸ್ಟನ್ನಿಗೆ ಹೋಗುವ ದಾರಿ ಬರೀ ಕೋಸು, ಕಾಲುವೆ, ಆಕಾಶ.
ಗೋಪುರ ಹತ್ತು ಮೈಲಿಯಿಂದಲೇ ಕಾಣುತ್ತದೆ,
ಬಂದಷ್ಟೂ ಬರುವುದಿಲ್ಲ.
ಅದರ ಬುಡದಲ್ಲಿ ಪ್ರವಾಹಗಳ ಗೆರೆ, ಇಸವಿ,
ಮಕ್ಕಳ ಎತ್ತರವನ್ನು ಬಾಗಿಲಿಗೆ ಗುರುತು ಹಾಕುತ್ತೇವಲ್ಲ, ಹಾಗೆ.
ಸಮುದ್ರ ಬೆಳೆಯುತ್ತಿದೆ.
ಎದುರಿನ ಅಂಗಡಿಯಲ್ಲಿ ಕಪ್ಪು ರೊಟ್ಟಿ ಕೊಯ್ಯುತ್ತಿದ್ದ ಡಂಗುವೊಲೆ
ಲಿಥುವೇನಿಯಾದಿಂದ ಬಂದು ಹನ್ನೊಂದು ವರ್ಷವಂತೆ.
ಮೊದಲು ಕೋಸು ಕಟ್ಟುವ ಶೆಡ್ಡು, ಈಗ ಇದು.
ಗೋಪುರ ಹತ್ತಿದ್ದೀಯಾ ಎಂದರೆ ನಕ್ಕಳು:
"ಅದರ ನೆರಳು ಎಷ್ಟು ಗಂಟೆಗೆ ನನ್ನ ಕಟ್ಟೆಗೆ ಬರುತ್ತದೆ ಎಂದು ಕೇಳಿ, ಹೇಳುತ್ತೇನೆ."
ಅಪ್ಪನಿಗೆ ಅಷ್ಟು ಸಂತೋಷವಾದದ್ದನ್ನು ನಾನು ಆ ವಾರವೆಲ್ಲ ಕಾಣಲಿಲ್ಲ.
ಬೇಡವೆಂದರೂ ಎರಡು ರೊಟ್ಟಿ ಕೊಂಡ.

ಲಿಂಕನ್ನಿನ ಕಡಿದಾದ ಬೀದಿಯಲ್ಲಿ
ಪ್ರತಿ ಅಂಗಡಿಯ ಗಾಜಿಗೂ ಮುಖವಿಟ್ಟು ನಿಂತ,
ಟೀ ಪಾತ್ರೆ, ಹಳೆಯ ನಕ್ಷೆ, ಮದುವೆಯ ಟೋಪಿ,
ಎಲ್ಲದರಲ್ಲೂ ಭಾರೀ ಆಸಕ್ತಿ. ಉಸಿರಾಟ ಸಮಕ್ಕೆ ಬಂದ ಮೇಲೆ ಆಸಕ್ತಿ ಮುಗಿಯುತ್ತಿತ್ತು.
ಮೇಲೆ, ಮೂರು ಗೋಪುರಗಳ ಕೆಳಗೆ, ಕತ್ತೆತ್ತಿ:
"ನಡುವಿನದಕ್ಕೆ ಒಂದು ಕಾಲದಲ್ಲಿ ಮೊನೆಯಿತ್ತು. ಗಾಳಿಗೆ ಬಿತ್ತು.
ಅಂದಿನಿಂದ ನಮ್ಮ ಕಡೆಯವರು ಜಂಬ ಕೊಚ್ಚುವುದಿಲ್ಲ."

ಒಳಗೆ ಯಾರೋ ಅಭ್ಯಾಸ ಮಾಡುತ್ತಿದ್ದರು.
ಮೇಲಿನ ಸಾಲಿನಲ್ಲೊಂದು ಕೊಳವೆ
ಕೂದಲೆಳೆಯಷ್ಟು ಇಳಿದಿತ್ತು.
"ಹೇಗಿದೆ?"
"ಸರಿಯಾಗಿದೆ, ಅಪ್ಪ."
"ಸುಳ್ಳು. ಎಡಗಣ್ಣು ಕಿರಿದಾಯಿತು."

ಆಗ ಹೇಳಿದ: ಪೆಟ್ಟಿಗೆಯ ಸೀಳಿನಿಂದ
ಒಳಗಿದ್ದವನಿಗೆ ನನ್ನ ಮುಖ ಕಾಣುತ್ತಿತ್ತಂತೆ.
ಕಿವಿಗೆ ಅನುಮಾನ ಬಂದಾಗಲೆಲ್ಲ ಆ ಕಣ್ಣನ್ನು ನೋಡುತ್ತಿದ್ದನಂತೆ.
ನಲವತ್ತೊಂದು ವರ್ಷದಲ್ಲಿ ಒಳಗಿನಿಂದ ಹೊರಗೆ ಕಂಡದ್ದು ಅದೊಂದೇ ಎಂದು
ಅವನು ಹೇಳಲಿಲ್ಲ. ಟೋಪಿಯ ಅಂಚು ಸರಿಮಾಡಿಕೊಂಡ.

ಕಾರಿನ ಗಾಜಿಗೆ ದಂಡದ ಚೀಟಿ ಅಂಟಿತ್ತು.
ಅದರ ಬೆನ್ನಿಗೇ ಬರೆದ, ನಡುಗುವ ಪೆನ್ಸಿಲಿನಲ್ಲಿ:
ಲಿಂಕನ್. ಹತ್ತೊಂಬತ್ತು ಡಿಗ್ರಿ, ಹೊರಗೆ.
ಗಾಳಿ. ರೊಟ್ಟಿ ಚೆನ್ನಾಗಿದೆ.